ಟೆಸ್ಟೋಸ್ಟೆರಾನ್ ಇಂಜೆಕ್ಷನ್: ಸ್ನಾಯುವಿಗೋ, ಚರ್ಮದಡಿಗೋ?

ಮುಂಜಾವು:
ಎಲ್ಲರಿಗೂ ನಮಸ್ಕಾರ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಎರಡು ಬೇರೆ ಬೇರೆ ದಿನ ರಕ್ತ ಕೊಟ್ಟಿದ್ದೆ. ಎರಡರಲ್ಲೂ ಪುರುಷ ಹಾರ್ಮೋನ್ ಟೆಸ್ಟೋಸ್ಟೆರಾನ್ ತೀರಾ ಕಡಿಮೆ ಬಂತು. ಕಾರಣ ಪತ್ತೆಯಾಗಿ ಚಿಕಿತ್ಸೆಯೂ ಶುರುವಾಯಿತು. ಈಗ ಎರಡು ವಾರಕ್ಕೊಮ್ಮೆ ಕ್ಲಿನಿಕ್ಕಿಗೆ ಹೋಗಿ ಟೆಸ್ಟೋಸ್ಟೆರಾನ್ ಎನಾಂಥೇಟ್ 200 ಮಿಲಿಗ್ರಾಂ ಸೊಂಟಕ್ಕೆ ಚುಚ್ಚಿಸಿಕೊಂಡು ಬರುತ್ತೇನೆ.

ಮೊದಲ ವಾರದ ನಾನೇ ಬೇರೆ, ಎರಡನೇ ವಾರದ ನಾನೇ ಬೇರೆ. ಮೊದಲ ಮೂರ್ನಾಲ್ಕು ದಿನ ಮೈಯೆಲ್ಲ ಬಿಸಿ, ಉತ್ಸಾಹ ಸ್ವಲ್ಪ ಅತಿಯೇ. ಆಮೇಲೆ ಇಳಿಯುತ್ತಾ ಹೋಗಿ ಕೊನೆಗೆ ಸುಸ್ತು, ಸಿಡುಕು, ನಿದ್ದೆ ಸರಿಯಿಲ್ಲ. ಇಂಜೆಕ್ಷನ್ ದಿನ ಹತ್ತಿರ ಬಂತು ಅಂತ ಮನೆಯವರು ನನ್ನ ಮುಖ ನೋಡಿಯೇ ಹೇಳುತ್ತಾರೆ.

ಡಾಕ್ಟರು ಎರಡು ದಾರಿ ಹೇಳಿದ್ದಾರೆ. ಒಂದು, ವಾರಕ್ಕೊಮ್ಮೆ ತೊಡೆಯ ಸ್ನಾಯುವಿಗೆ ನಾನೇ ಚುಚ್ಚಿಕೊಳ್ಳುವುದು. ಇನ್ನೊಂದು, ವಾರಕ್ಕೆರಡು ಸಲ ಹೊಟ್ಟೆಯ ಚರ್ಮದಡಿಗೆ ಸಣ್ಣ ಸೂಜಿಯಲ್ಲಿ. ಯೋಚಿಸಿ ಬನ್ನಿ ಅಂದರು. ಎರಡೂ ಮಾಡಿ ನೋಡಿದವರು ದಯವಿಟ್ಟು ಹೇಳಿ. ನೋವು, ಗಂಟು, ರಕ್ತಪರೀಕ್ಷೆಯ ಫಲಿತಾಂಶ, ಎಲ್ಲವೂ ಬೇಕು.

ನೀಲಿಸೂಜಿ:
ನಾನು ತೊಡೆಗೆ ವಾರಕ್ಕೊಮ್ಮೆ ತೆಗೆದುಕೊಳ್ಳುವವನು, ವರ್ಷಗಳಿಂದ. 23 ಗೇಜ್ ದಪ್ಪದ ಸೂಜಿ, ಒಂದು ಇಂಚು ಉದ್ದ. ತೊಡೆಯ ಹೊರಬದಿಯಲ್ಲಿ, ಮಂಡಿಗೂ ಸೊಂಟದ ಮೂಳೆಗೂ ನಡುವಿನ ಭಾಗ. ಕೂತುಕೊಂಡು ಕಾಲು ಸಡಿಲ ಬಿಟ್ಟರೆ ನೋವು ಕಡಿಮೆ. ಸ್ನಾಯು ಬಿಗಿ ಹಿಡಿದರೆ ಮಾರನೇ ದಿನ ಮೆಟ್ಟಿಲು ಹತ್ತುವಾಗ ಗೊತ್ತಾಗುತ್ತದೆ.

ಎರಡು ವಾರಕ್ಕೊಮ್ಮೆ ಅನ್ನುವುದನ್ನು ಮೊದಲು ಬಿಡಿ. ನಿಮ್ಮ ತೊಂದರೆಯ ಮುಕ್ಕಾಲು ಪಾಲು ಅದೇ.

ಗಟ್ಟಿಮಾತು:
ಚರ್ಮದಡಿಗೆ ಕೊಡುವುದು ಇನ್ಸುಲಿನ್. ಇದು ಎಣ್ಣೆ ಸ್ವಾಮಿ. ಎಣ್ಣೆ ಹೋಗಬೇಕಾದ್ದು ಸ್ನಾಯುವಿಗೆ. ಕೊಬ್ಬಿನಲ್ಲಿ ರಕ್ತದ ಓಡಾಟವೇ ಕಡಿಮೆ, ಔಷಧಿ ಅಲ್ಲೇ ಕೂತು ಗಂಟಾಗುತ್ತದೆ. ಎಷ್ಟೋ ವರ್ಷದಿಂದ ಸ್ನಾಯುವಿಗೇ ಕೊಡುತ್ತಾ ಬಂದಿದ್ದಾರೆ ಎಂದರೆ ಸುಮ್ನೆ ಅಲ್ಲ.

ಕಡಲಹಕ್ಕಿ:
ಗಟ್ಟಿಮಾತು ಅವರೇ, ಇದು ಹಳೇ ನಂಬಿಕೆ. ನಾನು ಟ್ರಾನ್ಸ್ ಪುರುಷ, ಹುಟ್ಟಿದಾಗ ಹೆಣ್ಣು ಅಂದಿದ್ದರು. ನಮ್ಮಲ್ಲಿ ಚರ್ಮದಡಿಯ ವಿಧಾನ ತುಂಬಾ ಬಳಕೆಯಲ್ಲಿದೆ, ಅದರ ಮೇಲೆ ಅಧ್ಯಯನವೂ ಆಗಿದೆ. 2017ರಲ್ಲಿ 63 ಟ್ರಾನ್ಸ್ ಪುರುಷರ ಮೇಲಿನ ಒಂದು ವರದಿ ಬಂತು. ವಾರಕ್ಕೊಮ್ಮೆ ಚರ್ಮದಡಿಗೆ ತೆಗೆದುಕೊಂಡ ಎಲ್ಲರಲ್ಲೂ ಟೆಸ್ಟೋಸ್ಟೆರಾನ್ ಪುರುಷರ ಮಟ್ಟಕ್ಕೆ ಏರಿತ್ತು. ತೆಳ್ಳಗಿದ್ದವರೂ ಇದ್ದರು, ತುಂಬಾ ದಪ್ಪಗಿದ್ದವರೂ ಇದ್ದರು. ಅವರಲ್ಲಿ 22 ಜನ ಮೊದಲು ಸ್ನಾಯುವಿಗೆ ತೆಗೆದುಕೊಳ್ಳುತ್ತಿದ್ದವರು. ಒಬ್ಬರೂ ಹಳೇ ವಿಧಾನಕ್ಕೆ ಹೋಗುತ್ತೇನೆ ಅನ್ನಲಿಲ್ಲ.

ಇನ್ನೊಂದು ವಿಷಯ. ಕೊಬ್ಬಿನಲ್ಲಿ ನಿಧಾನವಾಗಿ ಹೀರಿಕೊಳ್ಳುತ್ತದೆ ಅಂತ ನೀವು ದೂರುತ್ತಿದ್ದೀರಿ. ನಮಗೆ ಬೇಕಾಗಿರುವುದೂ ಅದೇ ಅಲ್ವಾ? ಒಮ್ಮೆಲೇ ಏರದೆ ಒಂದೇ ಸಮ ಇರಬೇಕು.

ನರ್ಸಕ್ಕ:
ನಾನು ನರ್ಸ್. ಇಂಥ ಇಂಜೆಕ್ಷನ್ ಬಹಳ ಕೊಟ್ಟಿದ್ದೇನೆ, ಬಹಳ ಜನಕ್ಕೆ ಕಲಿಸಿದ್ದೇನೆ. ಒಂದು ಮಾತು ಹೇಳಲೇಬೇಕು. ಸೊಂಟದ ಹಿಂದೆ ಸ್ನಾಯುವಿಗೆ ಅಂತ ಕೊಡುವ ಇಂಜೆಕ್ಷನ್‌ನಲ್ಲಿ ಎಷ್ಟೋ ಸಲ ಸೂಜಿ ಸ್ನಾಯುವನ್ನು ಮುಟ್ಟುವುದೇ ಇಲ್ಲ. ಅಲ್ಲಿ ಕೊಬ್ಬಿನ ಪದರ ದಪ್ಪ. ಮೈ ತುಂಬಿಕೊಂಡವರಿಗೆ ಒಂದೂವರೆ ಇಂಚಿನ ಸೂಜಿಯೂ ಸಾಲದೇ ಹೋಗಬಹುದು. ಅಂದರೆ ಸ್ನಾಯುವಿಗೆ ಅಂತ ಬರೆದು ಕೊಬ್ಬಿಗೆ ಕೊಡುವುದು ಹೊಸದೇನಲ್ಲ, ಗೊತ್ತಿಲ್ಲದೆ ಆಗುತ್ತಲೇ ಇದೆ.

ಅದೇ ಜಾಗಕ್ಕೆ ಇನ್ನೊಂದು ಅಪಾಯವಿದೆ. ಕಾಲಿಗೆ ಹೋಗುವ ದಪ್ಪ ನರ, ಸಯಾಟಿಕ್ ನರ, ಅಲ್ಲೇ ಹಾದು ಹೋಗುತ್ತದೆ. ಸೂಜಿ ಜಾಗ ತಪ್ಪಿದರೆ ಕಾಲು ಜೋಮು ಹಿಡಿಯುವುದರಿಂದ ಹಿಡಿದು ಪಾದ ಎತ್ತಲಾಗದ ತನಕ ಹೋಗಬಹುದು. ಅದಕ್ಕೇ ಈಗ ಸೊಂಟದ ಪಕ್ಕದ ಜಾಗವನ್ನು, ಅಂದರೆ ವೆಂಟ್ರೋಗ್ಲೂಟಿಯಲ್ ಜಾಗವನ್ನು ಕಲಿಸುತ್ತಾರೆ. ಅಲ್ಲಿ ದೊಡ್ಡ ನರವಿಲ್ಲ, ದೊಡ್ಡ ರಕ್ತನಾಳವಿಲ್ಲ, ಕೊಬ್ಬೂ ತೆಳು. ಆದರೆ ಅದನ್ನು ಬರಹ ಓದಿ ಕಲಿಯಬೇಡಿ. ಎದುರಿಗೆ ಯಾರಾದರೂ ಮೂಳೆ ಮುಟ್ಟಿಸಿ ತೋರಿಸಬೇಕು.

ಮನೆಯಲ್ಲಿ ಒಬ್ಬರೇ ತೆಗೆದುಕೊಳ್ಳುವುದಾದರೆ ತೊಡೆ ಅಥವಾ ಹೊಟ್ಟೆ. ಹಿಂಬದಿ ಬೇಡವೇ ಬೇಡ.

ಗಟ್ಟಿಮಾತು:
ಸರಿ ಮೇಡಂ, ಆ ಮಾತು ಒಪ್ಪಿದೆ. ಆದರೆ ಶೀಶೆಯ ಮೇಲೆ ಏನು ಬರೆದಿರುತ್ತದೆ? ಸಾಮಾನ್ಯವಾಗಿ ಸಿಗುವ ಎನಾಂಥೇಟ್, ಸಿಪಿಯೋನೇಟ್ ಶೀಶೆಗಳ ಮೇಲೆ "ಸ್ನಾಯುವಿಗೆ ಮಾತ್ರ" ಅಂತಲೇ ಇರುತ್ತದೆ. ಅದನ್ನು ಮೀರುವ ಸಲಹೆಯನ್ನು ಗುರುತಿಲ್ಲದವರ ಮಾತು ಕೇಳಿ ಯಾರೂ ತೆಗೆದುಕೊಳ್ಳಬಾರದು ಅನ್ನುವುದು ನನ್ನ ವಾದ.

ಕಡಲಹಕ್ಕಿ:
ಈ ಮಾತು ಸರಿ. ಲೇಬಲ್ ಮೀರಿ ಬಳಸುವುದನ್ನು ಡಾಕ್ಟರೇ ಬರೆದುಕೊಡಬೇಕು. ಇಲ್ಲಿ ಮುಂಜಾವು ಅವರಿಗೆ ಅವರ ಡಾಕ್ಟರೇ ಹೇಳಿದ್ದಾರೆ. ಮತ್ತೆ, ಚರ್ಮದಡಿಗೆ ಅಂತಲೇ ಒಪ್ಪಿಗೆ ಸಿಕ್ಕ ಔಷಧಿಯೂ ಇದೆ. ಝಯೋಸ್ಟೆಡ್ ಅಂತ, ಎಳ್ಳೆಣ್ಣೆಯಲ್ಲಿ ಕರಗಿಸಿದ ಎನಾಂಥೇಟ್, ಪೆನ್ನಿನಂಥ ಸಾಧನ. ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಬಂತು. ವಾರಕ್ಕೊಮ್ಮೆ ಹೊಟ್ಟೆಗೆ ಒತ್ತುವುದು, 50, 75, 100 ಮಿಲಿಗ್ರಾಂ ಹೀಗೆ ಮೂರು ಅಳತೆ. ಎಣ್ಣೆ ಕೊಬ್ಬಿನಲ್ಲಿ ಹೀರುವುದೇ ಇಲ್ಲ ಅನ್ನುವುದಾದರೆ ಅದಕ್ಕೆ ಒಪ್ಪಿಗೆ ಹೇಗೆ ಸಿಗುತ್ತಿತ್ತು?

ರಕ್ತದಹನಿ:
ಅದೇ ಔಷಧಿಗೆ ರಕ್ತದೊತ್ತಡ ಏರಬಹುದು ಅನ್ನುವ ಕಪ್ಪು ಚೌಕಟ್ಟಿನ ಎಚ್ಚರಿಕೆಯೂ ಜೊತೆಗೇ ಬಂತು. ಅದನ್ನೂ ಹೇಳಿ. ಯಾವ ವಿಧಾನವಾದರೂ ಬಿಪಿ ನೋಡಿಕೊಳ್ಳುತ್ತಿರಬೇಕು.

ಕಡಲಹಕ್ಕಿ:
ಹೌದು, ಸರಿಯಾಗಿ ನೆನಪಿಸಿದಿರಿ.

ದೊಡ್ಡಾಲ:
ನನ್ನ ದಾರಿ ಬೇರೆ. ಅನ್‌ಡೆಕನೋಯೇಟ್, 1000 ಮಿಲಿಗ್ರಾಂ, ಹರಳೆಣ್ಣೆಯಲ್ಲಿ 4 ಮಿಲಿ. ಶುರುವಿನಲ್ಲಿ ಒಂದು, ಆರು ವಾರಕ್ಕೆ ಇನ್ನೊಂದು, ಆಮೇಲೆ ಸುಮಾರು ಮೂರು ತಿಂಗಳಿಗೊಮ್ಮೆ. ವಾರ ವಾರ ಸೂಜಿ ಹಿಡಿದು ಕೂರುವ ಕೆಲಸವೇ ಇಲ್ಲ. ಯಾಕೆ ಎಲ್ಲರೂ ಇಷ್ಟು ಕಷ್ಟ ಪಡುತ್ತೀರಿ?

ನೀಲಿಸೂಜಿ:
ಅಣ್ಣಾ, 4 ಮಿಲಿ ಒಂದೇ ಕಡೆಗೆ! ಕೂರುವುದು ಹೇಗೆ?

ದೊಡ್ಡಾಲ:
ನಿಧಾನವಾಗಿ ಕೊಡುತ್ತಾರೆ, ಎರಡು ನಿಮಿಷ ಹಿಡಿಯುತ್ತದೆ. ಎರಡು ದಿನ ಆ ಬದಿ ಭಾರವಾಗಿರುತ್ತದೆ, ಅಷ್ಟೇ.

ನರ್ಸಕ್ಕ:
ಇದನ್ನು ಓದಿ ಯಾರೂ ಅನ್‌ಡೆಕನೋಯೇಟ್ ತಂದು ಮನೆಯಲ್ಲಿ ಚುಚ್ಚಿಕೊಳ್ಳಬೇಡಿ. ಅದು ಸೊಂಟದ ಸ್ನಾಯುವಿಗೆ ಆಳವಾಗಿ, ಕಲಿತವರ ಕೈಯಿಂದಲೇ ಹೋಗಬೇಕು. ಎಣ್ಣೆಯ ಸಣ್ಣ ಹನಿಗಳು ರಕ್ತನಾಳಕ್ಕೆ ಸೇರಿ ಶ್ವಾಸಕೋಶಕ್ಕೆ ಹೋದರೆ ಕೂಡಲೇ ಕೆಮ್ಮು, ಉಸಿರುಗಟ್ಟುವುದು, ಎದೆ ಬಿಗಿತ, ತಲೆಸುತ್ತು ಬರುತ್ತದೆ. ಅದಕ್ಕೇ ಅಮೆರಿಕದಲ್ಲಿ ಕೊಟ್ಟ ಮೇಲೆ 30 ನಿಮಿಷ ಅಲ್ಲೇ ಕೂರಿಸಿ ನೋಡಬೇಕು ಅನ್ನುವ ನಿಯಮವೇ ಇದೆ. ಬಹಳ ಅಪರೂಪ, ಆದರೂ ಮನೆಯಲ್ಲಿ ಒಬ್ಬರೇ ಇದ್ದಾಗ ಆಗಬಾರದ್ದು.

ದೊಡ್ಡಾಲ ಅವರಿಗೆ ಅದು ಒಗ್ಗಿದೆ, ಬಹಳ ಜನಕ್ಕೆ ಒಗ್ಗುತ್ತದೆ. ಮರೆಗುಳಿಗಳಿಗೂ ಸೂಜಿಗೆ ಹೆದರುವವರಿಗೂ ಅದೇ ವಾಸಿ. ಒಂದೇ ತೊಡಕು. ಏನಾದರೂ ತೊಂದರೆ ಬಂದು ನಿಲ್ಲಿಸಬೇಕೆಂದರೆ ಔಷಧಿ ವಾರಗಟ್ಟಲೆ ಒಳಗೇ ಇರುತ್ತದೆ. ಹೊಸದಾಗಿ ಶುರು ಮಾಡುವವರಿಗೆ ಅದಕ್ಕೇ ಮೊದಲು ಸಣ್ಣ ಡೋಸ್ ಕೊಟ್ಟು ನೋಡುವ ಡಾಕ್ಟರುಗಳಿದ್ದಾರೆ.

ಹೊಸಬ:
ಈ ಎನಾಂಥೇಟ್, ಸಿಪಿಯೋನೇಟ್, ಅನ್‌ಡೆಕನೋಯೇಟ್ ಎಲ್ಲಾ ಏನು? ಒಳಗಿರುವ ಹಾರ್ಮೋನ್ ಬೇರೆ ಬೇರೆಯಾ?

ರಕ್ತದಹನಿ:
ಹಾರ್ಮೋನ್ ಒಂದೇ. ಬಾಲ ಬೇರೆ. ಶುದ್ಧ ಟೆಸ್ಟೋಸ್ಟೆರಾನನ್ನು ನುಂಗಿದರೆ ಯಕೃತ್ತು ಅದನ್ನು ಮೊದಲ ಸುತ್ತಿನಲ್ಲೇ ಮುರಿದು ಹಾಕುತ್ತದೆ. ಹಾಗೇ ಚುಚ್ಚಿದರೆ ಬೇಗ ಖಾಲಿಯಾಗುತ್ತದೆ. ಅದಕ್ಕೆ ಒಂದು ಕೊಬ್ಬಿನಾಮ್ಲದ ಬಾಲ ಕಟ್ಟುತ್ತಾರೆ, ಅದೇ ಎಸ್ಟರ್. ಬಾಲ ಇದ್ದರೆ ಅದು ಎಣ್ಣೆ ಬಿಟ್ಟು ಬೇಗ ಹೊರಗೆ ಬರುವುದಿಲ್ಲ. ಬಾಲ ಉದ್ದವಾದಷ್ಟೂ ನಿಧಾನ. ರಕ್ತಕ್ಕೆ ಬಂದ ಮೇಲೆ ಕಿಣ್ವಗಳು ಬಾಲ ಕತ್ತರಿಸುತ್ತವೆ, ಉಳಿಯುವುದು ಮಾಮೂಲಿ ಟೆಸ್ಟೋಸ್ಟೆರಾನ್.

ಪ್ರೊಪಿಯೋನೇಟ್ ಗಿಡ್ಡ ಬಾಲ, ಒಂದೆರಡು ದಿನದ ಆಟ. ಎನಾಂಥೇಟ್, ಸಿಪಿಯೋನೇಟ್ ಹತ್ತಿರ ಹತ್ತಿರ ಒಂದು ವಾರದ ಲೆಕ್ಕ. ಅನ್‌ಡೆಕನೋಯೇಟ್ ವಾರಗಟ್ಟಲೆ. ಸಸ್ಟನಾನ್ 250ರಲ್ಲಿ ನಾಲ್ಕು ಎಸ್ಟರ್ ಬೆರೆಸಿರುತ್ತಾರೆ: ಪ್ರೊಪಿಯೋನೇಟ್ 30, ಫಿನೈಲ್‌ಪ್ರೊಪಿಯೋನೇಟ್ 60, ಐಸೊಕ್ಯಾಪ್ರೊಯೇಟ್ 60, ಡೆಕನೋಯೇಟ್ 100 ಮಿಲಿಗ್ರಾಂ. ಬೇಗ ಶುರುವಾಗಿ ಬಹಳ ದಿನ ಬರಲಿ ಅನ್ನುವ ಯೋಚನೆ. ಆದರೂ ಮೂರು ವಾರಕ್ಕೊಮ್ಮೆ ತೆಗೆದುಕೊಂಡರೆ ಮೊದಲಲ್ಲಿ ಏರು, ಕೊನೆಯಲ್ಲಿ ಇಳಿ ಇದ್ದೇ ಇರುತ್ತದೆ.

ಸ್ವಲ್ಪ ಹಳೇ ಕಥೆಯನ್ನೂ ಹೇಳಿಬಿಡುತ್ತೇನೆ, ನನಗೆ ಬಹಳ ಇಷ್ಟದ್ದು. 1935ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅರ್ನ್ಸ್ಟ್ ಲಾಕರ್ ತಂಡ ಹೋರಿಯ ವೃಷಣದಿಂದ ಇದನ್ನು ಬೇರ್ಪಡಿಸಿತು. ಅದೇ ವರ್ಷ ಬೂಟೆನಾಂಟ್, ರುಜಿಚ್ಕಾ ಇಬ್ಬರೂ ಬೇರೆ ಬೇರೆಯಾಗಿ ಪ್ರಯೋಗಾಲಯದಲ್ಲಿ ತಯಾರಿಸಿದರು. 1939ರ ರಸಾಯನಶಾಸ್ತ್ರದ ನೊಬೆಲ್ ಇವರಿಬ್ಬರಿಗೆ ಹಂಚಿಕೆಯಾಯಿತು. ಅಂದಿನಿಂದ ಇಂದಿನವರೆಗೂ ಪ್ರಶ್ನೆ ಒಂದೇ: ಇದನ್ನು ಒಂದೇ ಸಮನಾಗಿ ಮೈಯೊಳಗೆ ಇಡುವುದು ಹೇಗೆ?

ಹಗಲುಗನಸು:
ಸಸ್ಟನಾನ್ ಮಾತು ಬಂತಲ್ಲ, ಅದರಲ್ಲಿ ಕಡಲೆಕಾಯಿ ಎಣ್ಣೆ ಇರುತ್ತದೆ. ಕಡಲೆಕಾಯಿ ಅಲರ್ಜಿ ಇದ್ದವರು ಮೊದಲೇ ಡಾಕ್ಟರಿಗೆ ಹೇಳಬೇಕು. ಸಿಪಿಯೋನೇಟ್ ಸಾಮಾನ್ಯವಾಗಿ ಹತ್ತಿಬೀಜದ ಎಣ್ಣೆಯಲ್ಲಿ, ಎನಾಂಥೇಟ್ ಎಳ್ಳೆಣ್ಣೆ ಇಲ್ಲವೇ ಹರಳೆಣ್ಣೆಯಲ್ಲಿ. ಚುಚ್ಚಿದ ಜಾಗ ಕೆಂಪಾಗಿ ತುರಿಸುತ್ತದೆ ಎಂದರೆ ಎಷ್ಟೋ ಸಲ ತಪ್ಪು ಹಾರ್ಮೋನಿನದ್ದಲ್ಲ. ಎಣ್ಣೆಯದ್ದು ಇಲ್ಲವೇ ಕೆಡದಂತೆ ಹಾಕುವ ಬೆಂಜೈಲ್ ಆಲ್ಕೋಹಾಲ್‌ನದ್ದು. ಎಣ್ಣೆ ಬದಲಿಸಿದರೆ ಸರಿಹೋಗಬಹುದು.

ಇನ್ನೊಂದು. ಮುಂಜಾವು ಅವರೇ, ಮುಂದೆ ಮಗು ಬೇಕೆಂಬ ಆಸೆ ಇದೆಯಾ? ಯಾರೂ ಕೇಳಲಿಲ್ಲ ಅಂತ ಕೇಳುತ್ತಿದ್ದೇನೆ. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದರೆ ಮೆದುಳು ವೃಷಣಕ್ಕೆ ಕಳಿಸುವ ಎಲ್‌ಎಚ್, ಎಫ್‌ಎಸ್‌ಎಚ್ ಸಂದೇಶಗಳನ್ನು ನಿಲ್ಲಿಸುತ್ತದೆ. ವೀರ್ಯಾಣು ಪೂರ್ತಿ ಇಲ್ಲವಾಗುವ ಮಟ್ಟಕ್ಕೂ ಇಳಿಯಬಹುದು. ಸೊಂಟಕ್ಕೆ ಚುಚ್ಚಿದರೂ ಹೊಟ್ಟೆಗೆ ಚುಚ್ಚಿದರೂ ಇದರಲ್ಲಿ ವ್ಯತ್ಯಾಸವಿಲ್ಲ. ಮಗು ಬೇಕು ಅನ್ನುವವರಿಗೆ ಎಚ್‌ಸಿಜಿ, ಕ್ಲೋಮಿಫೀನ್ ಥರದ ಬೇರೆ ಔಷಧಿಗಳಿವೆ. ಇದು ಗೊತ್ತಿಲ್ಲದೆ ಶುರು ಮಾಡಿ ಆಮೇಲೆ ಕಣ್ಣೀರಿಟ್ಟವರನ್ನು ಹತ್ತಿರದಿಂದ ನೋಡಿದ್ದೇನೆ.

ಮುಂಜಾವು:
ಕೇಳಿದ್ದು ಒಳ್ಳೆಯದಾಯಿತು. ನಮಗೆ ಮಕ್ಕಳಿದ್ದಾರೆ, ಇನ್ನು ಬೇಡ ಅಂತ ತೀರ್ಮಾನವಾಗಿದೆ. ಡಾಕ್ಟರು ಮೊದಲ ದಿನವೇ ಇದನ್ನು ಕೇಳಿದ್ದರು.

ಜೊತೆಗಾತಿ:
ನಾನು ಹೆಂಡತಿಯ ಜಾಗದಿಂದ ಬರೆಯುತ್ತಿದ್ದೇನೆ. ನಮ್ಮವರಿಗೆ ಸೂಜಿ ಕಂಡರೆ ಬೆವರು. ಹಾಗಾಗಿ ಕೊಡುವುದು ನಾನೇ. ತೊಡೆಗೆ ಕೊಡುವಾಗ ಅವರು ಕಾಲು ಬಿಗಿ ಹಿಡಿಯುತ್ತಿದ್ದರು, ಮಾರನೇ ದಿನ ಕುಂಟುತ್ತಿದ್ದರು. ನನಗೂ ಕೈ ನಡುಕ. ಪ್ರತಿ ವಾರ ಅದೊಂದು ದೊಡ್ಡ ಕೆಲಸವಾಗಿ ಹೋಗಿತ್ತು, ಒಮ್ಮೊಮ್ಮೆ ಮುಂದಕ್ಕೆ ಹಾಕುತ್ತಿದ್ದರು.

ಡಾಕ್ಟರನ್ನು ಕೇಳಿ ಹೊಟ್ಟೆಯ ಚರ್ಮದಡಿಗೆ ಬದಲಿಸಿಕೊಂಡೆವು. 27 ಗೇಜ್, ಅರ್ಧ ಇಂಚು. ಹೊಕ್ಕುಳಿಂದ ಐದು ಸೆಂಟಿಮೀಟರ್ ಆಚೆ, ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕೊಡುತ್ತೇನೆ. ಇರುವೆ ಕಚ್ಚಿದಷ್ಟು ನೋವು. ಈಗ ಅವರೇ ಒಂದೊಂದು ಸಲ ಕೊಟ್ಟುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ದೊಡ್ಡ ಲಾಭ ಎಂದರೆ ಯಾವ ಡೋಸೂ ತಪ್ಪುತ್ತಿಲ್ಲ.

ಗಂಟಿನ ವಿಷಯ ಕೇಳಿದ್ದೀರಿ. ಶುರುವಿನಲ್ಲಿ ಬಟಾಣಿ ಗಾತ್ರದ ಗಂಟು ಬರುತ್ತಿತ್ತು, ಕೆಲವು ದಿನದಲ್ಲಿ ಕರಗುತ್ತಿತ್ತು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಕೊಡದೆ ಬಲ, ಎಡ, ಮೇಲೆ, ಕೆಳಗೆ ಅಂತ ಬದಲಿಸಿದ ಮೇಲೆ ಬಹಳ ಕಡಿಮೆಯಾಯಿತು.

ಹೊಸಬ:
27 ಗೇಜ್ ದಪ್ಪವಾ, 23 ದಪ್ಪವಾ?

ನೀಲಿಸೂಜಿ:
ಸಂಖ್ಯೆ ಜಾಸ್ತಿಯಾದಷ್ಟೂ ಸೂಜಿ ತೆಳು. ಬುಡದ ಬಣ್ಣ ನೋಡಿದರೂ ತಿಳಿಯುತ್ತದೆ. 18 ಗುಲಾಬಿ, 21 ಹಸಿರು, 23 ನೀಲಿ, 25 ಕಿತ್ತಳೆ, 27 ಬೂದು. ಈ ಬಣ್ಣಗಳಿಗೆ ಒಂದು ಅಂತರರಾಷ್ಟ್ರೀಯ ನಿಯಮವಿದೆ.

ಗಟ್ಟಿಮಾತು:
27ರಲ್ಲಿ ಎಣ್ಣೆ ಎಳೆಯುವುದಕ್ಕೆ ಅರ್ಧ ದಿನ ಬೇಕಲ್ಲ!

ಜೊತೆಗಾತಿ:
ಎಳೆಯುವುದಕ್ಕೆ ಬೇರೆ ಸೂಜಿ. 21ರಲ್ಲಿ ಎಳೆದು, ಸೂಜಿ ಬದಲಿಸಿ 27ರಲ್ಲಿ ಕೊಡುತ್ತೇನೆ. ರಬ್ಬರ್ ಮುಚ್ಚಳ ದಾಟಿದ ಸೂಜಿಯ ತುದಿ ಮೊಂಡಾಗಿರುತ್ತದೆ, ಹಾಗಾಗಿ ಬದಲಿಸಿದರೆ ನೋವೂ ಕಡಿಮೆ. ಶೀಶೆಯನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದುಕೊಂಡರೆ ಎಣ್ಣೆ ತೆಳುವಾಗಿ ಸರಾಗ ಬರುತ್ತದೆ.

ನರ್ಸಕ್ಕ:
ಜೊತೆಗಾತಿ ಸರಿಯಾಗಿ ಮಾಡುತ್ತಿದ್ದಾರೆ. ಎಳೆಯಲು 18 ಬಳಸುವವರೂ ಇದ್ದಾರೆ. ಪದೇ ಪದೇ ಬಳಸುವ ಶೀಶೆಯಾದರೆ ಅಷ್ಟು ದಪ್ಪ ಬೇಡ, ಮುಚ್ಚಳದ ರಬ್ಬರ್ ಚೂರು ಕಿತ್ತು ಒಳಗೆ ಬೀಳುತ್ತದೆ. ಶೀಶೆ ತೆರೆದ ದಿನಾಂಕ ಅದರ ಮೇಲೆ ಬರೆದಿಡಿ. ಹಲವು ಡೋಸಿನ ಶೀಶೆಯನ್ನು ತೆರೆದು 28 ದಿನ ಆದ ಮೇಲೆ ಇಟ್ಟುಕೊಳ್ಳಬಾರದು ಅನ್ನುವುದು ಸಾಮಾನ್ಯ ನಿಯಮ. ಒಂದೇ ಡೋಸಿನದು ಅಂತ ಬರೆದಿದ್ದರೆ ಉಳಿದದ್ದನ್ನು ಇಡುವಂತೆಯೇ ಇಲ್ಲ.

ಇನ್ನು ಅಳತೆಯ ಮಾತು. ಸೂಜಿ ಬದಲಿಸಿದ ಮೇಲೆ, ಹೊಸ ಸೂಜಿಯ ತುದಿಯಲ್ಲಿ ಒಂದು ಹನಿ ಕಾಣುವ ತನಕ ತಳ್ಳಿ, ಆಮೇಲೆ ಗೆರೆ ನೋಡಿ. ಮೊದಲೇ ಗೆರೆ ನೋಡಿ ಸೂಜಿ ಬದಲಿಸಿದರೆ ಸ್ವಲ್ಪ ಔಷಧಿ ಸೂಜಿಯ ಬುಡದಲ್ಲೇ ಉಳಿಯುತ್ತದೆ. 1 ಮಿಲಿ ಕೊಡುವಾಗ ಅದು ಲೆಕ್ಕಕ್ಕಿಲ್ಲ. 0.2 ಮಿಲಿ ಕೊಡುವಾಗ ದೊಡ್ಡ ಪಾಲು.

ಹೊಸಬ:
ನನಗೆ ಸಿಪಿಯೋನೇಟ್ ಬರೆದಿದ್ದಾರೆ, ಮಿಲಿಗೆ 200 ಮಿಲಿಗ್ರಾಂ. ವಾರಕ್ಕೆರಡು ಸಲ 50 ಮಿಲಿಗ್ರಾಂ ಅಂತ ಚೀಟಿಯಲ್ಲಿದೆ. ಇನ್ಸುಲಿನ್ ಸಿರಿಂಜ್ ತಂದಿಟ್ಟಿದ್ದೇನೆ. ಅದರಲ್ಲಿ 50ರ ಗೆರೆವರೆಗೆ ಎಳೆದರೆ 50 ಮಿಲಿಗ್ರಾಂ ತಾನೇ?

ನರ್ಸಕ್ಕ:
ಅಲ್ಲ! ದಯವಿಟ್ಟು ನಿಲ್ಲಿ. ಇನ್ಸುಲಿನ್ ಸಿರಿಂಜಿನ ಗೆರೆ ಮಿಲಿಗ್ರಾಂ ಅಲ್ಲ, ಯೂನಿಟ್. ಯು-100 ಸಿರಿಂಜಿನಲ್ಲಿ 100 ಯೂನಿಟ್ ಅಂದರೆ 1 ಮಿಲಿ. 50ರ ಗೆರೆ ಅಂದರೆ ಅರ್ಧ ಮಿಲಿ. ನಿಮ್ಮ ಶೀಶೆಯಲ್ಲಿ ಅರ್ಧ ಮಿಲಿಗೆ 100 ಮಿಲಿಗ್ರಾಂ ಇದೆ. ಬರೆದಿದ್ದಕ್ಕಿಂತ ಎರಡು ಪಟ್ಟು ಹೋಗುತ್ತದೆ. ನಿಮ್ಮ 50 ಮಿಲಿಗ್ರಾಂಗೆ 0.25 ಮಿಲಿ, ಅಂದರೆ 25ರ ಗೆರೆ. ಶೀಶೆ ಬೇರೆಯಾದರೆ ಈ ಲೆಕ್ಕವೂ ಬೇರೆ. ಮಿಲಿಗೆ 250 ಇರುವ ಎನಾಂಥೇಟ್ ಆದರೆ ಅದೇ 50 ಮಿಲಿಗ್ರಾಂಗೆ 0.2 ಮಿಲಿ. ಮೊದಲ ಡೋಸನ್ನು ಔಷಧಿ ಅಂಗಡಿಯವರ ಇಲ್ಲವೇ ನರ್ಸ್ ಎದುರೇ ಎಳೆದು ತೋರಿಸಿ.

ಹೊಸಬ:
ತುಂಬಾ ಥ್ಯಾಂಕ್ಸ್ ಅಕ್ಕ. ಹಾಗೇ ಮಾಡುತ್ತೇನೆ.

ಗಟ್ಟಿಮಾತು:
ನೋಡಿ, ನಾನು ಹೇಳುವುದೂ ಇದನ್ನೇ. ಡೋಸ್ ಸಣ್ಣದಾದಷ್ಟೂ ಅಳತೆಯ ತಪ್ಪು ದೊಡ್ಡದು. ವಾರಕ್ಕೊಮ್ಮೆ 0.4 ಮಿಲಿ ಸ್ನಾಯುವಿಗೆ ಕೊಟ್ಟರೆ ತಲೆನೋವಿಲ್ಲ. ವಾರಕ್ಕೆರಡು, ಮೂರು ದಿನಕ್ಕೊಂದು, ಇನ್ನು ದಿನಾ ಚುಚ್ಚಿಕೊಳ್ಳುವವರೂ ಇದ್ದಾರಂತೆ. ಎಲ್ಲಿಗೆ ನಿಲ್ಲಿಸುವುದು?

ನೀಲಿಸೂಜಿ:
ಈ ಮಾತಿಗೆ ನನ್ನ ಓಟು ನಿಮಗೇ. ವಾರಕ್ಕೊಮ್ಮೆಗೇ ಏರಿಳಿತ ಬಹಳ ಮಟ್ಟಿಗೆ ಹೋಗುತ್ತದೆ. ಅದರಾಚೆಗೆ ಎಲ್ಲರಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಕಡಲಹಕ್ಕಿ:
ಕೆಲವರಿಗೆ ತಿಳಿಯುತ್ತದೆ. ನನಗೆ ವಾರದ ಕೊನೆಗೆ ತಲೆನೋವು ಬರುತ್ತಿತ್ತು, ಎರಡು ಭಾಗ ಮಾಡಿದ ಮೇಲೆ ನಿಂತಿತು. ಒಬ್ಬರ ಮೈ ಇದ್ದಂತೆ ಇನ್ನೊಬ್ಬರದ್ದಿಲ್ಲ.

ರಕ್ತದಹನಿ:
ನೋವು, ಗಂಟು ಎಲ್ಲಾ ಮಾತಾಡಿದಿರಿ. ಹೆಮಟೋಕ್ರಿಟ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ನಾನು ಲ್ಯಾಬಿನಲ್ಲಿ ಕೆಲಸ ಮಾಡುವುದರಿಂದ ನನಗೆ ಇದೇ ಮುಖ್ಯ.

ಟೆಸ್ಟೋಸ್ಟೆರಾನ್ ಕೆಂಪು ರಕ್ತಕಣ ಹೆಚ್ಚಿಸುತ್ತದೆ. ರಕ್ತದಲ್ಲಿ ಕೆಂಪುಕಣಗಳ ಪಾಲು ಎಷ್ಟು ಅನ್ನುವುದೇ ಹೆಮಟೋಕ್ರಿಟ್. ಅದು 54 ಶೇಕಡಾ ದಾಟಿದರೆ ಚಿಕಿತ್ಸೆ ನಿಲ್ಲಿಸಿ, ಇಳಿದ ಮೇಲೆ ಕಡಿಮೆ ಡೋಸಿನಲ್ಲಿ ಶುರು ಮಾಡಬೇಕು ಅನ್ನುತ್ತವೆ ಮಾರ್ಗಸೂಚಿಗಳು. ರಕ್ತ ಮಂದವಾದರೆ ಹೆಪ್ಪುಗಟ್ಟುವ ಭಯ. ಜೆಲ್ ಹಚ್ಚುವವರಿಗಿಂತ ಇಂಜೆಕ್ಷನ್ ತೆಗೆದುಕೊಳ್ಳುವವರಲ್ಲಿ ಇದು ಜಾಸ್ತಿ. ಅದರಲ್ಲೂ ಎರಡು ವಾರಕ್ಕೊಮ್ಮೆ ದೊಡ್ಡ ಡೋಸ್ ತೆಗೆದುಕೊಂಡು ಮೊದಲ ದಿನಗಳಲ್ಲಿ ಸಹಜ ಮಟ್ಟ ಮೀರಿ ಏರುವವರಲ್ಲಿ. ಸಣ್ಣ ಡೋಸ್, ಹೆಚ್ಚು ಸಲ ಅನ್ನುವುದಕ್ಕೆ ಮೂಡಿಗಿಂತ ದೊಡ್ಡ ಕಾರಣ ಇದು.

ಹೆಮಟೋಕ್ರಿಟ್ ಏರಿತು ಅಂದ ಕೂಡಲೇ ಔಷಧಿಯನ್ನೇ ದೂರಬೇಡಿ. ಸಿಗರೇಟು, ಗೊರಕೆ ಹೊಡೆದು ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ, ನೀರು ಕುಡಿಯದೆ ರಕ್ತ ಕೊಡುವುದು, ಇವೂ ಏರಿಸುತ್ತವೆ. ಶುರು ಮಾಡುವ ಮೊದಲು ಒಮ್ಮೆ, 3ರಿಂದ 6 ತಿಂಗಳೊಳಗೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ನೋಡಿಸಿ.

ಮುಂಜಾವು:
ಇದಂತೂ ನನಗೆ ಹೊಸದು. ನನ್ನದು 51 ಬಂದಿತ್ತು, ಯಾರೂ ಏನೂ ಹೇಳಲಿಲ್ಲ. ರಕ್ತ ಯಾವ ದಿನ ಕೊಡಬೇಕು ಅನ್ನುವುದರಲ್ಲೂ ಗೊಂದಲ. ಇಂಜೆಕ್ಷನ್ ಆದ ಮೂರನೇ ದಿನ ಕೊಟ್ಟಿದ್ದೆ. ಟೆಸ್ಟೋಸ್ಟೆರಾನ್ 1100 ಬಂತು. ಡೋಸ್ ಜಾಸ್ತಿಯಾಯಿತೇನೋ ಅಂತ ಗಾಬರಿಯಾಯಿತು.

ರಕ್ತದಹನಿ:
ಮೂರನೇ ದಿನ ಶಿಖರದ ಹತ್ತಿರ. ಅದನ್ನು ನೋಡಿ ಡೋಸ್ ಕಡಿಮೆ ಮಾಡಿದರೆ ಎರಡನೇ ವಾರ ನೆಲ ಕಚ್ಚುತ್ತೀರಿ. ಕೊನೇ ದಿನ ನೋಡಿ ಡೋಸ್ ಜಾಸ್ತಿ ಮಾಡಿದರೆ ಶಿಖರ ಇನ್ನೂ ಮೇಲೆ. ಹಾರ್ಮೋನ್ ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿಯ 2018ರ ಮಾರ್ಗಸೂಚಿ ಎನಾಂಥೇಟ್, ಸಿಪಿಯೋನೇಟ್‌ಗೆ ಎರಡು ಇಂಜೆಕ್ಷನ್‌ಗಳ ನಡುಮಧ್ಯದಲ್ಲಿ ರಕ್ತ ಕೊಡಿ ಅನ್ನುತ್ತದೆ. ಆಗ ಡೆಸಿಲೀಟರಿಗೆ 350ರಿಂದ 600 ನ್ಯಾನೋಗ್ರಾಂ ಒಳಗಿದ್ದರೆ ಸರಿ, ಆಚೀಚೆ ಇದ್ದರೆ ಡೋಸ್ ಅಥವಾ ಅಂತರ ಬದಲಿಸಬೇಕು. ದೊಡ್ಡಾಲ ಅವರ ಅನ್‌ಡೆಕನೋಯೇಟ್‌ಗೆ ಹಾಗಲ್ಲ, ಮುಂದಿನ ಇಂಜೆಕ್ಷನ್‌ಗೆ ಸ್ವಲ್ಪ ಮೊದಲು ಕೊಡಬೇಕು. ಯಾವುದೇ ಆಗಲಿ, ಕೊನೆಯ ಡೋಸ್ ಯಾವತ್ತು ಅಂತ ಚೀಟಿಯಲ್ಲಿ ಬರೆಸಿ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಅದನ್ನೂ ಹೇಳಿ, ಕೆಲವು ಯಂತ್ರಗಳಲ್ಲಿ ಟೆಸ್ಟೋಸ್ಟೆರಾನ್ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ.

ನಿಮ್ಮ 51ನ್ನು ಡಾಕ್ಟರ ಮುಂದೆ ಇಟ್ಟು ಕೇಳಿ. ಗಾಬರಿ ಬೇಡ, ಅಲಕ್ಷ್ಯವೂ ಬೇಡ.

ಹಗಲುಗನಸು:
ಹೃದಯದ ಭಯ ಇರುವವರಿಗೆ ಒಂದು ಮಾತು. 2023ರಲ್ಲಿ ಬಂದ ಟ್ರಾವರ್ಸ್ ಅಧ್ಯಯನದಲ್ಲಿ 5,000ಕ್ಕೂ ಹೆಚ್ಚು ಪುರುಷರಿದ್ದರು. ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾಗಲಿಲ್ಲ. ಆದರೆ ಎದೆಬಡಿತದ ಏರುಪೇರು, ಶ್ವಾಸಕೋಶಕ್ಕೆ ಹೆಪ್ಪು ಹೋಗುವುದು ಇಂಥವು ಔಷಧಿ ತೆಗೆದುಕೊಂಡವರಲ್ಲಿ ಹೆಚ್ಚಿತ್ತು.

ರಕ್ತದಹನಿ:
ಅದು ಜೆಲ್ ಮೇಲೆ ನಡೆದದ್ದು. ಇಂಜೆಕ್ಷನ್ನಿನ ಶಿಖರಕ್ಕೆ ಅದೇ ಧೈರ್ಯವನ್ನು ತಂದು ಅಂಟಿಸಬಾರದು.

ಗಟ್ಟಿಮಾತು:
ಹಾಗಾದರೆ ಎಲ್ಲರೂ ಜೆಲ್ಲೇ ಹಚ್ಚಿಕೊಳ್ಳಬಹುದಲ್ಲ? ಸೂಜಿಯೇ ಬೇಡ.

ಜೊತೆಗಾತಿ:
ಮನೆಯಲ್ಲಿ ಚಿಕ್ಕ ಮಗುವಿದೆ. ಜೆಲ್ ಹಚ್ಚಿದ ಚರ್ಮ ಮಗುವಿಗೆ, ನನಗೆ ತಾಗಿದರೆ ನಮ್ಮ ಮೈಗೂ ಹಾರ್ಮೋನ್ ಬರುತ್ತದೆ. ಆ ಕಾರಣಕ್ಕೇ ನಾವು ಜೆಲ್ ಬಿಟ್ಟಿದ್ದು.

ನೀಲಿಸೂಜಿ:
ಸೂಜಿ ರಕ್ತನಾಳಕ್ಕೆ ಹೋಗಿದೆಯಾ ಅಂತ ಸ್ವಲ್ಪ ಹಿಂದಕ್ಕೆ ಎಳೆದು ನೋಡಬೇಕಾ ನರ್ಸಕ್ಕ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ನರ್ಸಕ್ಕ:
ಲಸಿಕೆಗೆ ಈಗ ಬೇಡ ಅನ್ನುತ್ತಾರೆ. ಎಣ್ಣೆ ಔಷಧಿಯನ್ನು ಸ್ನಾಯುವಿಗೆ ಕೊಡುವಾಗ ನಾನು ಎಳೆದು ನೋಡುತ್ತೇನೆ, ಅದರಲ್ಲೂ ಸೊಂಟಕ್ಕೆ. ಎಣ್ಣೆ ನೇರ ರಕ್ತಕ್ಕೆ ಸೇರಬಾರದು. ರಕ್ತ ಕಂಡರೆ ಹೊರಗೆ ತೆಗೆದು ಹೊಸ ಸೂಜಿ, ಹೊಸ ಜಾಗ. ಹೊಟ್ಟೆಯ ಚರ್ಮದಡಿಗೆ ಬೇಕಿಲ್ಲ. ಸ್ಪಿರಿಟ್ ಹಚ್ಚಿದ ಮೇಲೆ ಒಣಗಲು ಬಿಡಿ, ಹಸಿ ಇದ್ದಾಗಲೇ ಚುಚ್ಚಿದರೆ ಉರಿ. ಕೊಟ್ಟ ಮೇಲೆ ಒಂದೆರಡು ಉಸಿರಿನಷ್ಟು ಹೊತ್ತು ಸೂಜಿಯನ್ನು ಒಳಗೇ ಬಿಟ್ಟು ತೆಗೆಯಿರಿ, ಎಣ್ಣೆ ವಾಪಸ್ ಜಿನುಗುವುದಿಲ್ಲ. ಹತ್ತಿ ಒತ್ತಿ ಹಿಡಿಯಿರಿ, ತಿಕ್ಕಬೇಡಿ. ಬಳಸಿದ ಸೂಜಿಗೆ ಕ್ಯಾಪ್ ಹಾಕಲು ಹೋಗದೆ ಗಟ್ಟಿ ಡಬ್ಬಿಗೆ ಹಾಕಿ.

ಜಾಗ ದಿನದಿಂದ ದಿನಕ್ಕೆ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅದು ಮಾಮೂಲಿ ಗಂಟಲ್ಲ. ಅವತ್ತೇ ಡಾಕ್ಟರಿಗೆ ತೋರಿಸಿ.

ಮುಂಜಾವು:
ಡಾಕ್ಟರನ್ನು ಕಂಡು ಬಂದೆ. 51ರ ವಿಷಯ ನಾನಾಗಿಯೇ ಎತ್ತಿದೆ. ಒಟ್ಟು ಡೋಸನ್ನು ಸ್ವಲ್ಪ ಇಳಿಸಿ, ವಾರಕ್ಕೆರಡು ಸಲ ಹೊಟ್ಟೆಗೆ ಅಂತ ಬರೆದಿದ್ದಾರೆ. ಅಲ್ಲಿನ ನರ್ಸ್ ಎದುರೇ ಮೊದಲನೆಯದನ್ನು ನಾನೇ ಕೊಟ್ಟುಕೊಂಡೆ. ಹೆದರಿದಷ್ಟು ಏನೂ ಇರಲಿಲ್ಲ. ಹೊಟ್ಟೆಗೆ ಒಗ್ಗದಿದ್ದರೆ ತೊಡೆಗೆ ಬದಲಿಸೋಣ, ಆದರೆ ಎರಡು ವಾರದ ಅಂತರಕ್ಕೆ ಮತ್ತೆ ಹೋಗುವುದು ಬೇಡ ಅಂದರು. ಎಲ್ಲರಿಗೂ ಮನಸಾರೆ ಧನ್ಯವಾದ.

ಗಟ್ಟಿಮಾತು:
ಒಳ್ಳೆಯದಾಗಲಿ. ಮೂರು ತಿಂಗಳ ಮೇಲೆ ಹೆಮಟೋಕ್ರಿಟ್ ಎಷ್ಟು ಬಂತು ಅಂತ ತಪ್ಪದೆ ಬರೆಯಿರಿ. ನನಗೂ ನೋಡುವ ಆಸೆ ಇದೆ. ಇಳಿದರೆ ನಾನೂ ಕೇಳಿ ನೋಡುತ್ತೇನೆ.

ಓಟಗಾರ:
ತಡವಾಗಿ ಬಂದೆ, ಒಂದು ಪ್ರಶ್ನೆ. ನನಗೂ ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯ ಶಸ್ತ್ರಚಿಕಿತ್ಸೆಯಾದ ಮೇಲೆ ಇದನ್ನು ಬರೆದಿದ್ದಾರೆ. ನಾನು ಹಿರಿಯರ ವಿಭಾಗದಲ್ಲಿ ಓಡುತ್ತೇನೆ. ಚರ್ಮದಡಿಗೆ ಸಣ್ಣ ಡೋಸ್ ತೆಗೆದುಕೊಂಡರೆ ಡೋಪಿಂಗ್ ಪರೀಕ್ಷೆಗೆ ತೊಂದರೆ ಇಲ್ಲ ತಾನೇ? ಓಟಕ್ಕೆ ವಿಮಾನದಲ್ಲಿ ಹೋಗುವಾಗ ಶೀಶೆ ಹೇಗೆ ಒಯ್ಯುವುದು?

ಹಗಲುಗನಸು:
ಡೋಸ್ ಸಣ್ಣದು, ದೊಡ್ಡದು ಅನ್ನುವ ಲೆಕ್ಕವೇ ಅಲ್ಲಿಲ್ಲ. ಟೆಸ್ಟೋಸ್ಟೆರಾನ್ ವಾಡಾ ಅಂದರೆ ಜಾಗತಿಕ ಡೋಪಿಂಗ್ ತಡೆ ಸಂಸ್ಥೆಯ ಪಟ್ಟಿಯಲ್ಲಿ ಸದಾಕಾಲ ನಿಷೇಧ, ಸ್ಪರ್ಧೆಯ ದಿನ ಮಾತ್ರವಲ್ಲ. ಹೊರಗಿನಿಂದ ಬಂದದ್ದೋ ಮೈಯಲ್ಲೇ ಆದದ್ದೋ ಅಂತ ಕಾರ್ಬನ್ ಐಸೊಟೋಪ್ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಚಿಕಿತ್ಸೆಗಾಗಿ ವಿನಾಯಿತಿ ಕೇಳುವ ಅರ್ಜಿ ಇದೆ. ವಯಸ್ಸಾಗಿ ಕಡಿಮೆಯಾಗಿದೆ ಅಂದರೆ ಕೊಡುವುದಿಲ್ಲ. ನಿಮ್ಮಂತೆ ಪಿಟ್ಯುಟರಿಯ ಸ್ಪಷ್ಟ ಕಾರಣವಿದ್ದರೆ ದಾಖಲೆ ಸಮೇತ ಹಾಕಿ. ಒಪ್ಪಿಗೆ ಕೈಗೆ ಬರುವ ತನಕ ಓಡಬೇಡಿ.

ನರ್ಸಕ್ಕ:
ಶೀಶೆ, ಸೂಜಿ ಎರಡನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಿ, ಮೂಲ ಡಬ್ಬಿ ಮತ್ತು ಡಾಕ್ಟರ ಚೀಟಿ ಜೊತೆಗಿರಲಿ. ಬಹಳ ದೇಶಗಳಲ್ಲಿ ಇದು ನಿಯಂತ್ರಿತ ಔಷಧಿ, ಹೋಗುವ ದೇಶದ ನಿಯಮ ಮೊದಲೇ ನೋಡಿಕೊಳ್ಳಿ. ಫ್ರಿಜ್ಜಿನಲ್ಲಿ ಇಡಬೇಡಿ. ತಣ್ಣಗಾದರೆ ಸಿಪಿಯೋನೇಟ್ ಶೀಶೆಯಲ್ಲಿ ಸಣ್ಣ ಹರಳು ಕಟ್ಟಬಹುದು. ಬೆಚ್ಚಗೆ ಹಿಡಿದು ಅಲುಗಾಡಿಸಿದರೆ ಕರಗುತ್ತದೆ. ಪೂರ್ತಿ ತಿಳಿಯಾಗದಿದ್ದರೆ ಆ ಶೀಶೆ ಬಳಸಬೇಡಿ.